ಓವನ್‌ನಲ್ಲಿ ಬೇಯಿಸುವ ಮೆಕ್ಸಿಕನ್ ಸಸ್ಯಾಹಾರಿ ಅಡುಗೆ: ಐದರಲ್ಲಿ ನಿಮ್ಮ ಮನೆಗೆ ಒಗ್ಗುವುದು ಯಾವುದು?

ಟೋರ್ಟಿಯಾ ಎಂಬ ತೆಳು ರೊಟ್ಟಿಯೊಳಗೆ ಹೂರಣ ಸುತ್ತಿ ಸಾಸ್ ಸವರುವ ಎಂಚಿಲಾಡ ಮಾಡುವುದೋ, ಪದರ ಪದರವಾಗಿ ಜೋಡಿಸುವ ಪಾಸ್ತೆಲ್ ಆಸ್ತೆಕಾ ಮಾಡುವುದೋ, ಇಲ್ಲವೇ ದೊಣ್ಣೆ ಮೆಣಸಿನಕಾಯಿಗೆ ಚೀಸ್ ತುಂಬಿ ಬೇಯಿಸಿಬಿಡುವುದೋ ಎಂದು ತೀರ್ಮಾನಕ್ಕೆ ಬರಲಾಗದೆ ಕೇಳುವವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ನಿಮಗೆ ಮೆಕ್ಕೆಜೋಳದ ಟೋರ್ಟಿಯಾ ಸಿಗುತ್ತದೆಯೇ, ಅಥವಾ ಅದನ್ನು ಮಾಡಲು ಬೇಕಾದ ಮಾಸಾ ಹಿಟ್ಟಾದರೂ ಸಿಗುತ್ತದೆಯೇ? ಬಹಳ ಜನ ಚಿತ್ರ ನೋಡಿ ಅಡುಗೆಯನ್ನು ಆರಿಸಿಕೊಂಡು, ಆಮೇಲೆ ಸಾಮಾನು ಹುಡುಕಲು ಹೊರಡುತ್ತಾರೆ. ಮೆಕ್ಸಿಕನ್ ಅಡುಗೆಯಲ್ಲಿ ಮೊದಲು ಸಾಮಾನು ನೋಡಬೇಕು, ಅಡುಗೆಯನ್ನು ಆಮೇಲೆ ಆರಿಸಬೇಕು.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಮನೆಗೆ ಎಂಟು ಮಂದಿ ನೆಂಟರು ಬಂದಿದ್ದ ದಿನ ಅಂಗಡಿಯಲ್ಲಿ ಸಿಕ್ಕ ಗೋಧಿಯ ಟೋರ್ಟಿಯಾಗಳಿಗೆ ಹುರುಳಿಕಾಯಿ, ಪನೀರ್ ತುಂಬಿ, ಮೇಲೆ ಧಾರಾಳವಾಗಿ ಕೆಂಪು ಸಾಸ್ ಸುರಿದು ಓವನ್‌ಗೆ ಇಟ್ಟೆ. ಅರ್ಧ ಗಂಟೆಯ ಮೇಲೆ ತೆಗೆದಾಗ ಮೇಲಿನ ಚೀಸ್ ಹೊಂಬಣ್ಣಕ್ಕೆ ತಿರುಗಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಸೌಟು ಇಳಿಸಿದರೆ ಒಂದೂ ಸುರುಳಿ ಇಡಿಯಾಗಿ ಮೇಲೇಳಲಿಲ್ಲ. ಗೋಧಿ ಸಾಸ್ ಕುಡಿದು ಉಬ್ಬಿ, ಒಂದಕ್ಕೊಂದು ಅಂಟಿ, ಹಿಟ್ಟಿನ ಮುದ್ದೆಯಾಗಿತ್ತು. ಅಂದು ತಪ್ಪಿದ್ದು ಉಪ್ಪುಖಾರದಲ್ಲಲ್ಲ, ಆಯ್ಕೆಯಲ್ಲಿ.

ಮೆಕ್ಸಿಕೊದ ಅಡುಗೆಗೆ ಮಾಂಸವೇ ಮೂಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಲ್ಲ. ಒಂದೇ ಹೊಲದಲ್ಲಿ ಮೆಕ್ಕೆಜೋಳ, ಬೀನ್ಸ್ (ರಾಜ್ಮಾದಂಥ ಕಾಳು), ಕುಂಬಳದ ಜಾತಿಯ ಬಳ್ಳಿಗಳನ್ನು ಒಟ್ಟಿಗೆ ಬೆಳೆಯುವ ಮಿಲ್ಪಾ ಎಂಬ ಪದ್ಧತಿಯೇ ಆ ಊಟದ ಅಡಿಪಾಯ. ಹಸು, ಹಾಲು, ಚೀಸ್, ಗೋಧಿ ಎಲ್ಲವೂ ಅಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ, ಸ್ಪೇನಿಗರ ಜೊತೆಯಲ್ಲಿ. ಈಸ್ಟರ್‌ಗೆ ಮೊದಲಿನ ಉಪವಾಸದ ವಾರಗಳಲ್ಲಿ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸವಿಲ್ಲದ ಅಡುಗೆಗಳು ಸಾಲಾಗಿ ನಡೆಯುತ್ತವೆ, ಅವುಗಳಲ್ಲಿ ಚೀಸ್ ತುಂಬಿದ ಮೆಣಸಿನಕಾಯಿಯೂ ಒಂದು. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎತ್ತಿ ಹೇಳಿದ್ದರಲ್ಲಿ ಈ ಮಿಲ್ಪಾ ಬೇಸಾಯವೂ ಮೆಕ್ಕೆಜೋಳವನ್ನು ಸುಣ್ಣದಲ್ಲಿ ಹದಗೊಳಿಸುವ ವಿದ್ಯೆಯೂ ಇದ್ದವು. ಹಾಗಾಗಿ ಸಸ್ಯಾಹಾರಿಗಳು ಮೆಕ್ಸಿಕನ್ ಅಡುಗೆಯಿಂದ ಮಾಂಸವನ್ನು ಕಿತ್ತು ಹಾಕಿ ಉಳಿದದ್ದನ್ನು ತಿನ್ನುವ ಅಗತ್ಯವಿಲ್ಲ. ಅಲ್ಲಿಯೇ ಬೆಳೆದ ಸಸ್ಯಾಹಾರಿ ಅಡುಗೆಯನ್ನು ಆರಿಸಿಕೊಂಡರೆ ಸಾಕು.

ಅಳೆಯುವ ಕೋಲುಗಳು

ಮೊದಲನೆಯದು ಮೆಕ್ಕೆಜೋಳ. ನಮ್ಮಲ್ಲಿ ಮುಸುಕಿನ ಜೋಳವೆಂದೂ ಉತ್ತರ ಕರ್ನಾಟಕದಲ್ಲಿ ಗೋವಿನಜೋಳವೆಂದೂ ಕರೆಯುವ ಇದನ್ನು ಮೆಕ್ಸಿಕೊದವರು ನೇರವಾಗಿ ಬೀಸಿ ಹಿಟ್ಟು ಮಾಡುವುದಿಲ್ಲ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಡಿಲಗೊಂಡ ಸಿಪ್ಪೆಯನ್ನು ತೊಳೆದು ರುಬ್ಬುತ್ತಾರೆ. ಹೀಗೆ ರುಬ್ಬಿದ ಹಿಟ್ಟು ಮಾಸಾ. ಅದನ್ನು ಒಣಗಿಸಿ ಪುಡಿ ಮಾಡಿದ್ದು ಅಂಗಡಿಯ ಮಾಸಾ ಹರೀನಾ. ಸುಣ್ಣದಿಂದ ಹಿಟ್ಟಿಗೆ ಅಂಟು ಬರುತ್ತದೆ, ಕ್ಯಾಲ್ಸಿಯಂ ಸೇರುತ್ತದೆ, ಕಾಳಿನಲ್ಲಿ ಸಿಲುಕಿಕೊಂಡಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವಂತಾಗುತ್ತದೆ. ಈ ವಿದ್ಯೆಯನ್ನು ಬಿಟ್ಟು ಬರೀ ಕಾಳನ್ನಷ್ಟೇ ಒಯ್ದ ಯುರೋಪಿನ ಬಡ ರೈತರು ಪೆಲಾಗ್ರ ಎಂಬ ಕಾಯಿಲೆಯಿಂದ ನರಳಿದರು. ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೆಕ್ಕೆಜೋಳದ ಹಿಟ್ಟು ಮಾಸಾಗೆ ಬದಲಿಯಲ್ಲ. ಅದರಲ್ಲಿ ತೆಳ್ಳಗೆ ತಟ್ಟಿದ್ದು ಮಡಿಸಿದರೆ ಮುರಿಯುತ್ತದೆ.

ಎರಡನೆಯದು ನಿಮ್ಮ ಮನೆಯ ಸಸ್ಯಾಹಾರದ ಗೆರೆ ಎಲ್ಲಿದೆ ಎಂಬುದು. ಮೊಟ್ಟೆ ನಡೆಯುತ್ತದೆಯೇ? ಚೀಸ್‌ಗೆ ಹಾಕಿದ ಹೆಪ್ಪು ಯಾವುದು? ಇಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿದರೆ ಮುಗಿಯಿತು. ಆದರೆ ಅಮೆರಿಕದಲ್ಲಿರುವ ಕನ್ನಡಿಗರು ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇದೆಯೇ, ಡಬ್ಬಿಯ ಬೀನ್ಸ್ ಪೇಸ್ಟ್‌ನಲ್ಲಿ ಹಂದಿಯ ಕೊಬ್ಬು ಇದೆಯೇ, ಸಾಸ್‌ನಲ್ಲಿ ಕೋಳಿಯ ಸಾರು ಇದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಲೇಬೇಕು.

ಮೂರನೆಯದು ಎಷ್ಟು ಜನರಿಗೆ, ಎಷ್ಟು ಹೊತ್ತಿಗೆ ಎಂಬ ಲೆಕ್ಕ. ಮುಂಚೆಯೇ ಜೋಡಿಸಿಟ್ಟುಕೊಳ್ಳಬಹುದಾದ ಅಡುಗೆ ಬೇರೆ, ಓವನ್‌ನಿಂದ ಇಳಿಸಿದ ಹತ್ತು ನಿಮಿಷದೊಳಗೆ ತಿನ್ನಬೇಕಾದ ಅಡುಗೆ ಬೇರೆ. ನಾಲ್ಕನೆಯದು ಖರ್ಚು. ಬೀನ್ಸ್, ಟೊಮೆಟೊ, ತರಕಾರಿ ಎಲ್ಲವೂ ನಮ್ಮ ಸಂತೆಯ ಬೆಲೆಗೇ ಸಿಗುತ್ತವೆ. ದುಬಾರಿಯಾಗುವುದು ಚೀಸ್ ಮತ್ತು ಹೊರಗಿನಿಂದ ತರಿಸಿದ ಮಾಸಾ. ಆದ್ದರಿಂದ ಒಂದು ಅಡುಗೆಗೆ ಎಷ್ಟು ಚೀಸ್ ಬೇಕು ಎಂದು ನೋಡಿದರೆ ಖರ್ಚಿನ ಅಂದಾಜು ಸಿಕ್ಕಿಬಿಡುತ್ತದೆ.

ಎಂಚಿಲಾಡ

ಎಂಚಿಲಾಡ ಎಂದರೆ ಮೆಣಸಿನಕಾಯಿ ಸವರಿದ್ದು ಎಂದರ್ಥ. ಹೆಸರಿನಲ್ಲಿರುವುದು ಚೀಸ್ ಅಲ್ಲ, ಹೂರಣವೂ ಅಲ್ಲ, ಮೆಣಸಿನ ಸಾಸ್. ಮೆಕ್ಸಿಕೊದಲ್ಲಿ ಹೆಚ್ಚಿನ ಕಡೆ ಇದನ್ನು ಓವನ್‌ಗೆ ಇಡುವುದೇ ಇಲ್ಲ: ಟೋರ್ಟಿಯಾವನ್ನು ಎಣ್ಣೆಯಲ್ಲಿ ಅದ್ದಿ, ಬಿಸಿ ಸಾಸ್‌ನಲ್ಲಿ ಹೊರಳಿಸಿ, ತುಂಬಿ, ತಟ್ಟೆಗೆ ಹಾಕಿ ಕೂಡಲೇ ಕೊಡುತ್ತಾರೆ. ಓವನ್‌ನಲ್ಲಿ ಚೀಸ್ ಕೆಂಪಗಾಗುವವರೆಗೆ ಇಡುವ ಬಗೆಗಳಲ್ಲಿ ಹೆಸರಾದದ್ದು ಎಂಚಿಲಾಡಾಸ್ ಸುಯಿಸಾಸ್, ಅಂದರೆ ಸ್ವಿಸ್ ಎಂಚಿಲಾಡ. ಹಾಲು, ಕೆನೆ, ಚೀಸ್ ಹೆಚ್ಚಿರುವುದರಿಂದ ಆ ಹೆಸರು ಬಂತು. ಮೆಕ್ಸಿಕೊ ಸಿಟಿಯ ಸಾನ್‌ಬಾರ್ನ್ಸ್ ರೆಸ್ಟೊರೆಂಟ್‌ನ ಹೆಸರು ಇದರ ಜೊತೆ ಬೆಸೆದುಕೊಂಡಿದೆ. ಅದರ ಹಸಿರು ಸಾಸ್‌ಗೆ ಬೇಕಾದ ತೊಮತೀಯೊ ಎಂಬ ಹುಳಿ ಕಾಯಿ ನಮ್ಮಲ್ಲಿ ಸಿಗುವುದು ಕಷ್ಟ. ಗಟ್ಟಿಯಾದ ಹಸಿರು ಟೊಮೆಟೊವನ್ನು ಸುಟ್ಟು, ಕೊನೆಯಲ್ಲಿ ನಿಂಬೆರಸ ಹಿಂಡಿದರೆ ಅದರ ಹತ್ತಿರಕ್ಕೆ ಬರುತ್ತದೆ.

ಕೆಂಪು ಸಾಸ್ ಆರಿಸಿಕೊಂಡರೆ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಅಲ್ಲಿನ ಗ್ವಾಹೀಯೊ ಮೆಣಸಿನಕಾಯಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ನಮ್ಮ ಮನೆಯ ಡಬ್ಬಿಯಲ್ಲೇ ಇರುತ್ತದೆ. ಹನ್ನೆರಡು ಟೋರ್ಟಿಯಾಗೆ ಹತ್ತು ಹನ್ನೆರಡು ಬ್ಯಾಡಗಿ ಸಾಕು. ತೊಟ್ಟು, ಬೀಜ ತೆಗೆದು, ಹೆಂಚಿನ ಮೇಲೆ ಘಮ ಬರುವಷ್ಟೇ ಹೊತ್ತು ಬಿಸಿ ಮಾಡಿ ತೆಗೆಯಬೇಕು. ಕಪ್ಪಾದರೆ ಸಾಸ್ ಪೂರ್ತಿ ಕಹಿಯಾಗುತ್ತದೆ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬೇಯಿಸಿದ ನಾಲ್ಕು ಟೊಮೆಟೊ, ಅರ್ಧ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಸ್ವಲ್ಪ ಓರೆಗಾನೊ ಸೇರಿಸಿ ನುಣ್ಣಗೆ ರುಬ್ಬಿ, ಸೋಸಿ, ಕಾದ ಎಣ್ಣೆಗೆ ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಬೇಕು.

ಎಂಚಿಲಾಡದ ಜೀವವಿರುವುದು ಇದರ ನಂತರದ ಒಂದು ಕ್ಷಣದಲ್ಲಿ. ಬಾಣಲೆಯಲ್ಲಿ ಅರ್ಧ ಬೆರಳಿನಷ್ಟು ಎಣ್ಣೆ ಕಾಯಿಸಿ ಟೋರ್ಟಿಯಾವನ್ನು ಒಳಗಿಟ್ಟರೆ ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಐದಾರು ಸೆಕೆಂಡಿಗೆ ಮಗುಚಿ, ಮತ್ತೆ ಅಷ್ಟೇ ಹೊತ್ತು ಬಿಟ್ಟು, ಚಿಮಟಿಗೆಯಲ್ಲಿ ಎತ್ತಿದಾಗ ಅದು ಒದ್ದೆ ಬಟ್ಟೆಯ ಹಾಗೆ ಜೋಲಬೇಕು. ಗರಿಗರಿಯಾದರೆ ಸುತ್ತುವಾಗ ಒಡೆಯುತ್ತದೆ. ಈ ಎಣ್ಣೆಯ ಪದರವೇ ಸಾಸ್ ಒಳಗಿಳಿದು ಟೋರ್ಟಿಯಾ ಕರಗದಂತೆ ಕಾಯುವುದು. ಎಣ್ಣೆ ಬೇಡವೆಂದು ಈ ಹೆಜ್ಜೆಯನ್ನು ಬಿಡುವವರು ಎಂಚಿಲಾಡವನ್ನೇ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಹೂರಣಕ್ಕೆ ಬೇಯಿಸಿ ಮಸೆದ ರಾಜ್ಮಾ, ಹುರಿದ ಅಣಬೆ ಅಥವಾ ಪಾಲಕ್ ಒಪ್ಪುತ್ತವೆ. ರಾಜ್ಮಾವನ್ನು ನೆನೆಸಿ ಕುಕ್ಕರ್‌ನಲ್ಲಿ ಪೂರ್ತಿ ಬೇಯಿಸಿರಬೇಕು. ಅರೆಬೆಂದ ಕಾಳು ಓವನ್‌ನಲ್ಲಿ ಬೆಂದುಕೊಳ್ಳುತ್ತದೆ ಎಂದು ನಂಬಿದರೆ ಹೊಟ್ಟೆ ಕೆಡುತ್ತದೆ. 200 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಬೇಡ. ನಾಲ್ಕು ಜನಕ್ಕೆ 200 ಗ್ರಾಂ ಚೀಸ್ ಬೇಕಾಗುತ್ತದೆ.

ಇದು ಮೂರು ನಾಲ್ಕು ಜನರ ಮನೆಗೆ, ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿಯಾಗಿ ತಿನ್ನುವವರಿಗೆ ಹೇಳಿ ಮಾಡಿಸಿದ್ದು. ಸಾಸ್‌ನ ರುಚಿ ಇಷ್ಟು ಮುಂದಾಗಿ ನಿಲ್ಲುವ ಬೇರೊಂದು ಅಡುಗೆ ಈ ಐದರಲ್ಲಿ ಇಲ್ಲ. ಆದರೆ ಹತ್ತು ಜನರಿಗೆ ಮಾಡಲು ಹೊರಟರೆ ಮೂವತ್ತು ಟೋರ್ಟಿಯಾಗಳನ್ನು ಒಂದೊಂದಾಗಿ ಎಣ್ಣೆಗೆ ಬಿಟ್ಟು ತೆಗೆಯಬೇಕು, ಅಷ್ಟರಲ್ಲಿ ಮೊದಲು ಸುತ್ತಿದ್ದು ಮೆತ್ತಗಾಗಿರುತ್ತದೆ.

ಪಾಸ್ತೆಲ್ ಆಸ್ತೆಕಾ

ಬುದೀನ್ ಆಸ್ತೆಕಾ ಎಂದೂ ಕರೆಯುವ ಇದನ್ನು ನಾನು ಹೆಚ್ಚಿನ ಮನೆಗಳಿಗೆ ಮೊದಲ ಆಯ್ಕೆಯಾಗಿ ಹೇಳುತ್ತೇನೆ. ಸಾಮಾನು ಬಹುಮಟ್ಟಿಗೆ ಎಂಚಿಲಾಡದ್ದೇ. ಸುತ್ತುವ ಬದಲು ಪದರವಾಗಿ ಹರಡುತ್ತೀರಿ. ಕೆಳಗೆ ಸಾಸ್, ಅದರ ಮೇಲೆ ಟೋರ್ಟಿಯಾ, ಆಮೇಲೆ ರಾಹಾಸ್, ಅಂದರೆ ಸುಟ್ಟು ಸಿಪ್ಪೆ ಸುಲಿದು ಉದ್ದುದ್ದ ಸೀಳಿದ, ಪೊಬ್ಲಾನೊ ಎಂಬ ದಪ್ಪನೆಯ ಕಡಿಮೆ ಖಾರದ ಮೆಣಸಿನಕಾಯಿಯನ್ನು ಈರುಳ್ಳಿ, ಮೆಕ್ಕೆಜೋಳದ ಎಳೆಕಾಳು, ಕೆನೆಯ ಜೊತೆ ಬಾಡಿಸಿದ್ದು. ಮೇಲೆ ಚೀಸ್. ಹೀಗೆ ಮೂರು ಸುತ್ತು. ಪೊಬ್ಲಾನೊ ಇಲ್ಲದ ಕಡೆ ಎರಡು ಪಾಲು ದೊಣ್ಣೆ ಮೆಣಸಿನಕಾಯಿಗೆ ಒಂದು ಪಾಲು ಬಜ್ಜಿ ಮೆಣಸಿನಕಾಯಿ ಸೇರಿಸಿದರೆ ದಪ್ಪವೂ ಬರುತ್ತದೆ, ಸ್ವಲ್ಪ ಖಾರವೂ ಸಿಗುತ್ತದೆ.

ಇದರ ದೊಡ್ಡ ಗುಣವೆಂದರೆ ಒಂದು ದಿನ ಹಳೆಯದಾದ ಟೋರ್ಟಿಯಾವೇ ಇದಕ್ಕೆ ಚೆನ್ನ. ಒಣಗಿ ಗಡುಸಾದದ್ದು ಸಾಸ್ ಹೀರಿಕೊಂಡೂ ಪದರವಾಗಿ ನಿಲ್ಲುತ್ತದೆ. ಹರಿದದ್ದು, ಓರೆಯಾದದ್ದು, ಮನೆಯಲ್ಲೇ ತಟ್ಟುವಾಗ ಅಂಚು ಬಿರಿದದ್ದು ಎಲ್ಲವೂ ಒಳಪದರಕ್ಕೆ ಸಲ್ಲುತ್ತವೆ. ಮೆಕ್ಕೆಜೋಳದ ಟೋರ್ಟಿಯಾ ಎಲ್ಲೂ ಸಿಗದಿದ್ದರೆ ತೆಳುವಾದ ಜೋಳದ ರೊಟ್ಟಿಯನ್ನು ಬಳಸಿ ನೋಡಿದ್ದೇನೆ. ರುಚಿ ಮೆಕ್ಸಿಕೊದ್ದಾಗಿ ಉಳಿಯುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಪದರ ಕರಗದೆ ನಿಲ್ಲುತ್ತದೆ, ಗೋಧಿಗಿಂತ ಎಷ್ಟೋ ಮೇಲು. ಸೊನೋರಾ, ಚಿವಾವಾದಂಥ ಉತ್ತರದ ಪ್ರಾಂತ್ಯಗಳಲ್ಲಿ ಗೋಧಿಯ ಟೋರ್ಟಿಯಾ ಬಳಕೆಯಲ್ಲಿರುವುದು ನಿಜ, ಆದರೆ ಅಲ್ಲಿ ಅದರ ಕೆಲಸ ಒಣ ಹೂರಣವನ್ನು ಸುತ್ತಿಕೊಳ್ಳುವುದು, ಸಾಸ್‌ನಲ್ಲಿ ನೆನೆಯುವುದಲ್ಲ.

ಇಪ್ಪತ್ಮೂರು ಸೆಂಟಿಮೀಟರ್ ಚೌಕದ ಪಾತ್ರೆಗೆ ಹನ್ನೆರಡರಿಂದ ಹದಿನಾಲ್ಕು ಟೋರ್ಟಿಯಾ, 300 ಗ್ರಾಂ ಚೀಸ್ ಹಿಡಿಯುತ್ತದೆ. ಆರರಿಂದ ಎಂಟು ಜನಕ್ಕೆ ಸಾಕಾಗುತ್ತದೆ. ಮೊದಲ 20 ನಿಮಿಷ ಫಾಯಿಲ್ ಮುಚ್ಚಿ, ಆಮೇಲೆ ತೆರೆದು, 190 ಡಿಗ್ರಿಯಲ್ಲಿ ಒಟ್ಟು 35 ನಿಮಿಷ ಬೇಯಿಸಬೇಕು. ಇಳಿಸಿದ ಮೇಲೆ ಕಾಲು ಗಂಟೆ ಮುಟ್ಟಬಾರದು, ಆಗಲೇ ತುಂಡು ನೆಟ್ಟಗೆ ಬರುವುದು. ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿ ಇಡಬಹುದು. ಕೆನೆಯ ಬದಲು ತೆಳ್ಳನೆಯ ಮೊಸರು ಹಾಕಿದರೆ ಓವನ್‌ನ ಬಿಸಿಗೆ ಒಡೆದು ನೀರಾಗುತ್ತದೆ. ಒಂದು ಬಟ್ಟಲು ಫ್ರೆಶ್ ಕ್ರೀಮ್‌ಗೆ ಎರಡು ಚಮಚ ಗಟ್ಟಿ ಮೊಸರು ಬೆರೆಸಿಟ್ಟರೆ ಅಲ್ಲಿನ ಕ್ರೆಮಾ ಎಂಬ ಕೆನೆಯ ತೆಳು ಹುಳಿ ಬರುತ್ತದೆ.

ಇದರಲ್ಲಿ ಕಳೆದುಕೊಳ್ಳುವುದು ಏನು? ಎಂಚಿಲಾಡದಲ್ಲಿ ಸಾಸ್, ಟೋರ್ಟಿಯಾ, ಹೂರಣ ಬೇರೆ ಬೇರೆಯಾಗಿ ನಾಲಿಗೆಗೆ ತಾಕುತ್ತವೆ. ಇಲ್ಲಿ ಎಲ್ಲವೂ ಕಲೆತು ಒಂದೇ ಮೆತ್ತನೆಯ ರುಚಿಯಾಗುತ್ತದೆ. ಮಕ್ಕಳಿಗೂ ಹಲ್ಲು ಸಡಿಲವಾದ ಹಿರಿಯರಿಗೂ ಅದೇ ಹಿತ. ಕಚ್ಚಿದರೆ ಏನಾದರೂ ಸಿಗಬೇಕು ಎನ್ನುವವರಿಗೆ ಸಪ್ಪೆಯೆನಿಸಬಹುದು.

ಚೀಲೆ ರೆಯೇನೊ

ಚೀಸ್ ತುಂಬಿದ ಪೊಬ್ಲಾನೊ ಮೆಣಸಿನಕಾಯಿಯನ್ನು ಮೊಟ್ಟೆಯ ನೊರೆಯಲ್ಲಿ ಅದ್ದಿ, ಕರಿದು, ತೆಳ್ಳನೆಯ ಟೊಮೆಟೊ ಸಾರಿನಲ್ಲಿ ಕೊಡುವುದು ಪದ್ಧತಿ. ಪ್ವೆಬ್ಲಾ ಎಂಬ ಊರಿನಿಂದಲೇ ಪೊಬ್ಲಾನೊ ಎಂಬ ಹೆಸರು. ಮೊಟ್ಟೆ ತಿನ್ನದ ಮನೆಯಲ್ಲಿ ಆ ಹೊದಿಕೆಯಿಲ್ಲ, ಆ ಹೊದಿಕೆಯಿಲ್ಲದೆ ಇದು ಬೇರೆಯೇ ಅಡುಗೆ. ಕಡಲೆಹಿಟ್ಟು ಕಲಸಿ ಕರಿದರೆ ಅದು ನಮ್ಮ ಬಜ್ಜಿಯಾಗುತ್ತದೆ. ಆದ್ದರಿಂದ ಹೊದಿಕೆಯ ಆಸೆಯನ್ನೇ ಬಿಟ್ಟು, ಸಾರಿನ ಮೇಲೆ ಚೀಸ್ ತುಂಬಿದ ದೊಣ್ಣೆ ಮೆಣಸಿನಕಾಯಿಗಳನ್ನು ಸಾಲಾಗಿ ಮಲಗಿಸಿ 190 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸುವುದು ಪ್ರಾಮಾಣಿಕ ದಾರಿ.

ಇದಕ್ಕೆ ಟೋರ್ಟಿಯಾ ಬೇಡ, ಮಾಸಾ ಬೇಡ. ಸಣ್ಣ ಊರಿನಲ್ಲಿರುವವರಿಗೆ ಅದೇ ದೊಡ್ಡ ಸಮಾಧಾನ. ಕಷ್ಟವಿರುವುದು ಸಿಪ್ಪೆ ಸುಲಿಯುವುದರಲ್ಲಿ. ಒಲೆಯ ಉರಿಯ ಮೇಲೆ ಮೆಣಸಿನಕಾಯಿಯನ್ನು ತಿರುಗಿಸುತ್ತಾ ಮೈಯೆಲ್ಲ ಕಪ್ಪಾಗಿ ಬೊಬ್ಬೆಯೇಳುವವರೆಗೆ ಸುಟ್ಟು, ಪಾತ್ರೆಯಲ್ಲಿ ಹಾಕಿ ಕಾಲು ಗಂಟೆ ಮುಚ್ಚಿಡಬೇಕು. ಆ ಹಬೆಗೆ ಸಿಪ್ಪೆ ತಾನಾಗಿ ಸಡಿಲವಾಗಿ, ಹೆಬ್ಬೆರಳಿನಿಂದ ಒರೆಸಿದರೆ ಸುರುಳಿಯಾಗಿ ಬರುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಸುಟ್ಟ ಘಮವೆಲ್ಲ ನೀರಿನ ಪಾಲಾಗುತ್ತದೆ, ಅಲ್ಲಲ್ಲಿ ಕಪ್ಪು ಉಳಿದರೂ ಚಿಂತೆಯಿಲ್ಲ. ಪಕ್ಕದಲ್ಲಿ ಸೀಳಿ, ತೊಟ್ಟು ಉಳಿಸಿಕೊಂಡು, ಬೀಜ ತೆಗೆದು ತುಂಬಬೇಕು.

ಅಲ್ಲಿ ತುಂಬುವುದು ಎಳೆಯೆಳೆಯಾಗಿ ಕರಗುವ ಒಆಹಾಕಾ ಪ್ರಾಂತ್ಯದ ಚೀಸ್. ಇಲ್ಲಿ ಮೊಜ್ಜರೆಲ್ಲಾ ಅದರ ಕೆಲಸ ಮಾಡುತ್ತದೆ. ಪನೀರ್ ಕರಗುವುದಿಲ್ಲ, ಆದರೆ ಉಪ್ಪು ಬೆರೆಸಿ ಪುಡಿ ಮಾಡಿದರೆ ಅಲ್ಲಿನ ಕೇಸೊ ಫ್ರೆಸ್ಕೊ ಎಂಬ ತಾಜಾ ಚೀಸ್‌ಗೆ ಹತ್ತಿರ. ಎರಡನ್ನೂ ಸಮವಾಗಿ ಬೆರೆಸಿದರೆ ಖರ್ಚೂ ಇಳಿಯುತ್ತದೆ, ತುಂಬಿದ್ದು ಹೊರಗೆ ಹರಿದು ಹೋಗುವುದೂ ತಪ್ಪುತ್ತದೆ. ಬರೀ ಮೊಜ್ಜರೆಲ್ಲಾ ಹಾಕಿದರೆ ಆರು ಕಾಯಿಗೆ 350 ಗ್ರಾಂ ಬೇಕು, ಐದು ಅಡುಗೆಗಳಲ್ಲಿ ಇದೇ ದುಬಾರಿ. ಜೊತೆಗೆ ಅನ್ನವನ್ನೂ ಮಾಡಲೇಬೇಕು, ಏಕೆಂದರೆ ಒಂದು ಕಾಯಿಯಿಂದ ಹೊಟ್ಟೆ ತುಂಬುವುದಿಲ್ಲ.

ಚಾಯೋತೆ ರೆಯೇನೊ

ನಾವು ಸೀಮೆಬದನೆ ಎನ್ನುವ ಕಾಯಿಯೇ ಚಾಯೋತೆ. ಅದರ ತವರು ಮೆಕ್ಸಿಕೊ. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಚಾಯೋತ್ಲಿ ಎಂಬ ಪದದಿಂದ ಆ ಹೆಸರು ಬಂದಿದೆ. ಉದ್ದಕ್ಕೆ ಎರಡು ಹೋಳು ಮಾಡಿ ಮೆತ್ತಗಾಗುವಂತೆ ಬೇಯಿಸಿ, ಗೋಡೆ ಉಳಿಸಿ ತಿರುಳು ತೆಗೆದು, ಅದನ್ನು ಈರುಳ್ಳಿ, ಟೊಮೆಟೊ, ಮೆಣಸಿನಕಾಯಿಯ ಜೊತೆ ಬಾಡಿಸಿ ಮರಳಿ ತುಂಬಿ, ಮೇಲೆ ಸ್ವಲ್ಪ ಚೀಸ್ ಹಾಕಿ 20 ನಿಮಿಷ ಓವನ್‌ನಲ್ಲಿ ಇಟ್ಟರಾಯಿತು. ನಾಲ್ಕು ಜನಕ್ಕೆ 100 ಗ್ರಾಂ ಚೀಸ್ ಸಾಕು. ತಿರುಳನ್ನು ಬಟ್ಟೆಯಲ್ಲಿ ಹಿಂಡಿ ನೀರು ತೆಗೆಯುವುದನ್ನು ಮರೆಯಬಾರದು. ಕಡಿಮೆ ಖರ್ಚಿನಲ್ಲಿ, ಹಗುರವಾಗಿ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೂ ರುಚಿ ಕೆಡದ ಅಡುಗೆ ಬೇಕಾದವರಿಗೆ ಇದು ಸರಿ. ಅತಿಥಿಗಳಿಗೆ ಇದೊಂದನ್ನೇ ಮುಖ್ಯ ಅಡುಗೆಯೆಂದು ಬಡಿಸಿದರೆ ಊಟ ಸಾಲದು. ಬೀನ್ಸ್ ಸಾರಿನ ಜೊತೆಗಿಡಿ.

ತಮಾಲ್ ದೆ ಕಾಸ್ವೇಲಾ

ಮಾಸಾವನ್ನು ಕೊಬ್ಬಿನ ಜೊತೆ ನಾದಿ, ಹೂರಣವಿಟ್ಟು, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದು ತಮಾಲ್. ಒಂದೊಂದಾಗಿ ಕಟ್ಟುವ ಬದಲು ಇಡೀ ಹಿಟ್ಟನ್ನು ಪಾತ್ರೆಯಲ್ಲಿ ಹರಡಿ ಓವನ್‌ನಲ್ಲಿ ಬೇಯಿಸಿದರೆ ತಮಾಲ್ ದೆ ಕಾಸ್ವೇಲಾ. ಮೂಲದಲ್ಲಿ ಹಂದಿಯ ಕೊಬ್ಬು ಹಾಕುತ್ತಾರೆ, ಬೆಣ್ಣೆಯಿಂದಲೂ ಆಗುತ್ತದೆ. ಮೂರು ಬಟ್ಟಲು ಮಾಸಾ ಹಿಟ್ಟಿಗೆ 150 ಗ್ರಾಂ ಬೆಣ್ಣೆ. ಮೊದಲು ಬೆಣ್ಣೆಯನ್ನು ಬೆಳ್ಳಗೆ ಹಗುರಾಗುವಂತೆ ಕಡೆದು, ಒಂದು ಚಮಚ ಬೇಕಿಂಗ್ ಪೌಡರ್, ಉಪ್ಪು, ಬೆಚ್ಚಗಿನ ತರಕಾರಿ ಸಾರು ಸೇರಿಸುತ್ತಾ ಹಿಟ್ಟನ್ನು ಬೆರೆಸಬೇಕು. ಚಿಟಿಕೆ ಹಿಟ್ಟನ್ನು ತಣ್ಣೀರಿಗೆ ಹಾಕಿದರೆ ತೇಲಬೇಕು, ಮುಳುಗಿದರೆ ಇನ್ನೂ ಕಡೆಯಬೇಕು. ಮೆಕ್ಸಿಕೊದ ದಕ್ಷಿಣದಲ್ಲಿ ತಮಾಲ್ ಕಟ್ಟುವುದು ಬಾಳೆ ಎಲೆಯಲ್ಲಿ, ಆದ್ದರಿಂದ ಪಾತ್ರೆಯ ತಳಕ್ಕೆ ಬಾಡಿಸಿದ ಬಾಳೆ ಎಲೆ ಹಾಸುವುದು ನಮ್ಮ ಅನುಕೂಲಕ್ಕೆ ಮಾಡಿದ ಬದಲಾವಣೆಯಲ್ಲ. ನಡುವೆ ರಾಹಾಸ್ ಮತ್ತು 150 ಗ್ರಾಂ ಚೀಸ್ ಇಟ್ಟು, ಮೇಲೆ ಹಿಟ್ಟು ಮುಚ್ಚಿ, ಫಾಯಿಲ್ ಬಿಗಿದು, 180 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಬೇಕು.

ಮಾಸಾ ಹಿಟ್ಟು ಸಿಗದಿದ್ದರೂ ಇದನ್ನು ಮಾಡುವ ದಾರಿಯಿದೆ, ಮತ್ತು ಆ ದಾರಿ ಅಮೆರಿಕದವರಿಗಿಂತ ನಮಗೇ ಸುಲಭ: ಇಡ್ಲಿ ಹಿಟ್ಟಿನ ಗ್ರೈಂಡರ್ ನಮ್ಮ ಮನೆಯಲ್ಲಿದೆ. ಅರ್ಧ ಕಿಲೊ ಒಣ ಮೆಕ್ಕೆಜೋಳಕ್ಕೆ ಶೇಕಡಾ 1ರಷ್ಟು, ಅಂದರೆ 5 ಗ್ರಾಂ, ತಿನ್ನಲು ಯೋಗ್ಯವಾದ ಶುದ್ಧ ಸುಣ್ಣದ ಪುಡಿ ಹಾಕಿ, ಒಂದೂವರೆ ಲೀಟರ್ ನೀರಿನಲ್ಲಿ ಅರ್ಧ ಗಂಟೆಗೂ ಮಿಕ್ಕಿ ಸಣ್ಣಗೆ ಕುದಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಕೈಯಲ್ಲಿ ಉಜ್ಜಿ ಸಿಪ್ಪೆ ಹೋಗುವಂತೆ ತೊಳೆದು, ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಬೇಕು. ಪಾತ್ರೆ ಸ್ಟೀಲಿನದಾಗಿರಲಿ, ಅಲ್ಯೂಮಿನಿಯಂ ಸುಣ್ಣದ ಜೊತೆ ಕೂಡುವುದಿಲ್ಲ. ಬಿತ್ತನೆಗೆಂದು ಮಾರುವ ಕಾಳಿಗೆ ಔಷಧ ಲೇಪಿಸಿರುತ್ತಾರೆ, ಅದನ್ನು ಎಂದಿಗೂ ತರಬೇಡಿ. ಈ ಹಿಟ್ಟು ಒದ್ದೆಯಾಗಿಯೇ ಇರುವುದರಿಂದ ಸಾರನ್ನು ಬಹಳ ಕಡಿಮೆ ಹಾಕಬೇಕು.

ಹೊತ್ತು ಹಿಡಿಯುವುದು ಇದರ ಕೊರತೆ. ಆದರೆ ಫಾಯಿಲ್ ಬಿಚ್ಚಿದಾಗ ಏಳುವ ಮೆಕ್ಕೆಜೋಳದ ಆ ಘಮ ಉಳಿದ ನಾಲ್ಕರಲ್ಲಿ ಇಲ್ಲ. ಕಡುಬು ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಹಿಡಿಸುತ್ತದೆ. ಗೋಧಿ ಒಗ್ಗದವರಿಗೂ ಚಿಂತೆಯಿಲ್ಲ. ಬೇಕಿಂಗ್ ಪೌಡರ್ ಡಬ್ಬಿಯಲ್ಲಿ ಗೋಧಿಯ ಅಂಶವಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು.

ಯಾರಿಗೆ ಯಾವುದು

ಮೆಕ್ಕೆಜೋಳದ ಟೋರ್ಟಿಯಾ ಕೈಯಲ್ಲಿದ್ದು, ತಿನ್ನುವವರು ಐದು ಜನಕ್ಕಿಂತ ಹೆಚ್ಚಿದ್ದರೆ ಪಾಸ್ತೆಲ್ ಆಸ್ತೆಕಾ ಮಾಡಿ. ಕಡಿಮೆಯಿದ್ದರೆ, ಒಲೆಯ ಮುಂದೆ ನಿಲ್ಲುವ ತಾಳ್ಮೆಯೂ ಇದ್ದರೆ ಎಂಚಿಲಾಡ. ಮಾಸಾ ಹಿಟ್ಟು ಮಾತ್ರ ಇದೆ, ಆದರೆ ಟೋರ್ಟಿಯಾ ತಟ್ಟಿ ಅಭ್ಯಾಸವಿಲ್ಲ ಎನ್ನುವವರು ತಮಾಲ್‌ನಿಂದ ಆರಂಭಿಸುವುದು ಜಾಣತನ, ಅದಕ್ಕೆ ತಟ್ಟುವ ಕೈಚಳಕ ಬೇಕಿಲ್ಲ. ಇವೆರಡೂ ಇಲ್ಲದಿದ್ದರೆ ಗೋಧಿಯ ಕಡೆ ತಿರುಗಬೇಡಿ. ಕೈ ಬಿಗಿಯಿರುವ ತಿಂಗಳಾದರೆ ಸೀಮೆಬದನೆ, ಖರ್ಚಿಗೆ ಅಡ್ಡಿಯಿಲ್ಲದಿದ್ದರೆ ತುಂಬಿದ ಮೆಣಸಿನಕಾಯಿ. ಖಾರ ತಿನ್ನದ ಮಕ್ಕಳಿರುವ ಮನೆಯಲ್ಲಿ ಬಜ್ಜಿ ಮೆಣಸಿನಕಾಯಿಯನ್ನು ಕೈಬಿಟ್ಟು ಬರೀ ದೊಣ್ಣೆ ಮೆಣಸಿನಕಾಯಿ ಹಾಕಿದ ಪಾಸ್ತೆಲ್ ಬೇಗ ಖಾಲಿಯಾಗುತ್ತದೆ.

ಓವನ್ ಇಲ್ಲದವರು ಪಾಸ್ತೆಲ್ ಆಸ್ತೆಕಾವನ್ನು ದಪ್ಪ ತಳದ ಅಗಲ ಪಾತ್ರೆಯಲ್ಲಿ ಜೋಡಿಸಿ, ಗಟ್ಟಿ ಮುಚ್ಚಳ ಹಾಕಿ, ಕೆಳಗೊಂದು ಹೆಂಚಿಟ್ಟು ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಬಹುದು. ಚೀಸ್ ಕರಗುತ್ತದೆ, ಕೆಂಪಗಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಚ್ಚಳದ ಒಳಗೆ ಕಟ್ಟುವ ಹಬೆಯ ನೀರು ಮೇಲಿನ ಪದರಕ್ಕೆ ತೊಟ್ಟಿಕ್ಕದಂತೆ ಮುಚ್ಚಳಕ್ಕೊಂದು ತೆಳು ಬಟ್ಟೆ ಸುತ್ತಿ, ಅದರ ತುದಿಗಳು ಉರಿಯ ಕಡೆ ಇಳಿಬೀಳದಂತೆ ಮೇಲೆ ಗಂಟು ಹಾಕಿ.